ಮೂವರ ಖಾನೆಯಲ್ಲಿ ಒಬ್ಬಳು

ಕಸ್ತೂರಿ, ನಿನ್ನ ಗುರುತು ಕೊಟ್ಟವನು ನಾನೇ. ಕಂಪ್ಯೂಟರ್ ಅಲ್ಲ, ನಿನ್ನ ಜೊತೆಗಿದ್ದವರಲ್ಲ, ನೀನು ಅಂದುಕೊಂಡ ಹಾಗೆ ನಿನ್ನ ಮಾತಿನ ಧಾಟಿಯೂ ಅಲ್ಲ — ನಾನು. ಆರು ವರ್ಷದ ಹಿಂದೆ ನೀನು ನನ್ನ ಮೇಜಿನ ಮುಂದೆ ನಿಂತು ಕೇಳಿದಾಗ, ಯಾರ ಹೆಸರನ್ನೂ ಹೇಳಿಲ್ಲ ಎಂದೆನಲ್ಲ, ಅದು ನಿಜ. ಹೆಸರು ಹೇಳಿರಲಿಲ್ಲ. ಹೆಸರು ಹೇಳುವ ಅಗತ್ಯವೇ ಬೀಳದ ಹಾಗೆ ನಾನು ಮೊದಲೇ ಎಲ್ಲ ಮಾಡಿ ಮುಗಿಸಿದ್ದೆ.

ಇದನ್ನು ನಿನಗೆಂದೇ ಬರೆಯುತ್ತಿದ್ದೇನೆ. ಆದರೆ ಬೇರೆಯವರೂ ಓದಲಿ ಎಂಬ ಆಸೆ — ಆಸೆ ಎನ್ನಲೋ, ನನಗೆ ನಾನೇ ಕೊಟ್ಟುಕೊಂಡ ಶಿಕ್ಷೆ ಎನ್ನಲೋ. ಅದಕ್ಕಾಗಿ ನಿನಗೆ ಗೊತ್ತಿರುವ ಸಂಗತಿಗಳನ್ನೂ ಇಲ್ಲಿ ಬರೆಯಬೇಕಾಗಿದೆ. ಸಹಿಸಿಕೋ ತಂಗಿ.

ರಬಕವಿ ಮತ್ತು ಬನಹಟ್ಟಿಯ ನಡುವಿನ ನಮ್ಮ ಸೀರೆ ಕಂಪನಿಯಲ್ಲಿ ಹಾಜರಿ, ರಜೆ, ವರ್ಗಾವಣೆಯ ಕಾಗದಪತ್ರ ಇವೆಲ್ಲ ನನ್ನ ಕೆಲಸ. ಜಮಖಂಡಿಯಿಂದ ಬೆಳಗಿನ ಬಸ್ಸಿಗೆ ಬರುತ್ತೇನೆ. ನೀನು ಚಿಮ್ಮಡದಿಂದ ಆಟೋದಲ್ಲಿ ಬರುತ್ತಿದ್ದೆ, ಮಗಳು ಅನಿತಾ ಜೊತೆಗೆ. ಅವಳನ್ನು ಬನಹಟ್ಟಿಯ ಶಾಲೆಗೆ ಬಿಟ್ಟು ನೀನು ಕೆಲಸಕ್ಕೆ. ಸಂಜೆ ಅವಳು ನಮ್ಮ ಗೇಟಿನ ಹತ್ತಿರ ಪುಸ್ತಕ ಬಿಚ್ಚಿಕೊಂಡು ಕೂತಿರುತ್ತಿದ್ದಳು, ಇಬ್ಬರೂ ಕೂಡಿ ಮನೆಗೆ. ಈ ಕೆಲಸ ನಿನಗೆ ಒಗ್ಗಿದ್ದೇ ಆ ಹೊಂದಾಣಿಕೆಯಿಂದ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನೀನೇ ಹೇಳಿದ್ದೆ.

ನಿನ್ನ ಕೆಲಸ ಸೀರೆ ನೋಡುವುದು. ಕೆಳಗೆ ಟ್ಯೂಬ್‌ಲೈಟ್ ಹಾಕಿದ ಗಾಜಿನ ಮೇಜು. ಅದರ ಮೇಲೆ ಮಗ್ಗದಿಂದ ಬಂದ ಸೀರೆಯನ್ನು ಎಳೆಯುತ್ತಾ ಹೋಗಬೇಕು, ಎಲ್ಲಿ ಎಳೆ ಬಿಟ್ಟಿದೆ, ಎಲ್ಲಿ ಎಣ್ಣೆ ಕಲೆ ಎಂದು ಹುಡುಕಬೇಕು. ತಪ್ಪು ಕಂಡ ಕಡೆ ಅಂಚಿಗೆ ಒಂದು ಕೆಂಪು ದಾರ ಕಟ್ಟಿ ಬದಿಗಿಡಬೇಕು. ಬೇರೆಯವರು ದಾರ ಕಟ್ಟಿ ಕತ್ತರಿಸುತ್ತಿದ್ದರು. ನೀನು ಎರಡು ಗಂಟು ಹಾಕಿ ತುದಿಯನ್ನು ಹಲ್ಲಿನಿಂದ ಕಡಿಯುತ್ತಿದ್ದೆ. ಕತ್ತರಿ ಹುಡುಕುವಷ್ಟರಲ್ಲಿ ಇನ್ನೊಂದು ಸೀರೆ ನೋಡಬಹುದು ಎನ್ನುತ್ತಿದ್ದೆ.

ನಿನ್ನ ಮೇಲಿನವರು ಮಹಾದೇವಪ್ಪನವರು, ಮಗ್ಗ, ನೂಲು, ತಪಾಸಣೆ ಮೂರಕ್ಕೂ ಮುಖ್ಯಸ್ಥರು. ಇಡೀ ಕಂಪನಿಗೆ ಅವರು ಕಾಕಾ. ನಮ್ಮಲ್ಲಿ ಸಿಬ್ಬಂದಿ ಎಂಬುವರು ಇರಲೇ ಇಲ್ಲ ಅನ್ನು — ಎಲ್ಲ ಕಾಕಾ, ಮಾಮಾ, ಅಣ್ಣ, ವೈನಿ. ಹಾಜರಿ ಪುಸ್ತಕ ತೆಗೆದರೆ ಮದುವೆಯ ಆಮಂತ್ರಣ ಪತ್ರಿಕೆಯ ಹಿಂದಿನ ಪುಟದಂತೆ ಕಾಣುತ್ತಿತ್ತು. ಆಗೆಲ್ಲ ನಾನೇ ಈ ಮಾತು ಹೇಳಿ ನಗುತ್ತಿದ್ದೆ. ಆ ನಗುವೇ ಮುಂದೆ ನಿನ್ನ ಕುತ್ತಿಗೆಗೆ ಬರುತ್ತದೆಂದು —

ಇರಲಿ. ಕ್ರಮವಾಗಿ ಹೇಳುತ್ತೇನೆ.

ಕಂಪನಿಯ ಮಾಲೀಕರಾದ ಸಾಹುಕಾರರ ಮಗ ಪುಣೆಯಲ್ಲಿ ಓದು ಮುಗಿಸಿ ಬಂದ ವರ್ಷ ಅದು. ನಾವು ಅವರನ್ನು ಸಣ್ಣ ಸಾಹುಕಾರರು ಎನ್ನುತ್ತಿದ್ದೆವು. ಪ್ರತಿಯೊಬ್ಬ ಮುಖ್ಯಸ್ಥನ ಬಗ್ಗೆ ಅವನ ಸುತ್ತಲಿನವರ ಅಭಿಪ್ರಾಯ ಬರೆಸಬೇಕು, ಹೆಸರಿಲ್ಲದೆ ಬರೆಸಬೇಕು ಎಂದು ಅವರು ಹೊಸ ಪದ್ಧತಿ ತಂದರು. ನನ್ನನ್ನು ಕರೆದು ಹಾಳೆಯ ಮೇಲೆ ನಾಲ್ಕು ಖಾನೆ ಗೀಚಿದರು: ಮೇಲಿನವರು, ಸರೀಕರು, ಕೈಕೆಳಗಿನವರು, ಇತರರು. "ಯಾರು ಎಲ್ಲಿ ನಿಂತು ನೋಡ್ತಾರ ಅನ್ನೂದರ ಮ್ಯಾಲೆ ಅವರಿಗೆ ಕಾಣೂದು ಬ್ಯಾರೆ ಇರತೈತಿ ಶ್ರೀಕಾಂತಣ್ಣಾ. ಎಲ್ಲಾರದೂ ಕೂಡಿಸಿ ಕಲಸಿಬಿಟ್ರ ಏನೂ ತಿಳಿಯೂದಿಲ್ಲ. ಅದಕ್ಕ ಖಾನೇ ಮಾಡಬೇಕು," ಎಂದರು. ಆಮೇಲೆ ಪೆನ್ನಿನಿಂದ ಮೂರನೆಯ ಖಾನೆಯ ಸುತ್ತ ಎರಡು ಸಲ ಗೆರೆ ಎಳೆದರು. "ಒಂದ ನೆನಪಿಡ್ರಿ. ಯಾವುದ ಖಾನೇದಾಗ ಮೂರ ಮಂದಿಗಿಂತ ಕಡಿಮಿ ಆದ್ರ ಅದನ್ನ ಬಿಚ್ಚಿ ತೋರಸಬ್ಯಾಡ್ರಿ. ಇತರರ ಖಾನೇಕ್ಕ ಕೂಡಿಸಿಬಿಡ್ರಿ."

ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವಂಥದ್ದೇನಿತ್ತು? ಮೂವರಿದ್ದರೆ ಯಾರು ಬರೆದರೆಂದು ಹೇಳಲಾಗದು. ಇಬ್ಬರಿದ್ದರೆ ಊಹಿಸಬಹುದು. ಒಬ್ಬರೇ ಆದರೆ ಹೆಸರು ಬರೆದಂತೆಯೇ. ಇದು ನನಗೆ ಅಂದೇ ಅರ್ಥವಾಗಿತ್ತು, ಚೆನ್ನಾಗಿಯೇ ಅರ್ಥವಾಗಿತ್ತು. ಅರಿಯದೆ ಆದ ತಪ್ಪು ಎಂದು ಮುಂದೆ ಎಲ್ಲಾದರೂ ನನ್ನ ಬಾಯಿಂದ ಜಾರಿದರೆ ನಂಬಬೇಡ.

ಕಾಕಾ ಅವರ ಕೈಕೆಳಗಿನವರ ಖಾನೆಯಲ್ಲಿ ವಿಭಾಗಕ್ಕೆ ಒಬ್ಬರಂತೆ ಸರಿಯಾಗಿ ಮೂವರನ್ನು ಬರೆದೆ. ಮಗ್ಗ ನೋಡಿಕೊಳ್ಳುವ ಬಸಪ್ಪ, ನೂಲಿನ ಕೋಣೆಯ ಈರಪ್ಪ, ತಪಾಸಣೆಯ ನೀನು. ಫೋನಿನಲ್ಲಿ ಬರೆಯುವ ರೂಢಿ ಎಲ್ಲರಿಗೂ ಇರಲಿಲ್ಲವಾದ್ದರಿಂದ ಕಾಗದ ಹಂಚಿದೆವು. ಬರೆದು ಕೊಟ್ಟದ್ದನ್ನು ನಾನು ಕಂಪ್ಯೂಟರಿಗೆ ಹಾಕುವುದು ಎಂದಾಯಿತು.

ನೀನು ಎರಡು ದಿನ ಕಾಗದ ಇಟ್ಟುಕೊಂಡೆ. ಮೂರನೆಯ ದಿನ ಊಟದ ಹೊತ್ತಿಗೆ ಬಂದೆ, ಕಾಗದವನ್ನು ಸೆರಗಿನೊಳಗೆ ಮಡಿಚಿ ಹಿಡಿದಿದ್ದೆ.

"ಅಣ್ಣಾರ, ಖರೇನ ಹೆಸರ ಗೊತ್ತ ಆಗೂದಿಲ್ಲೇನ್ರಿ?"

"ಮೂರ ಮಂದಿ ಅದೀರಿ ತಂಗೀ. ಮೂರೂ ಕೂಡಿಸಿ ಬರತೈತಿ. ಬ್ರಹ್ಮದೇವ ಬಂದ್ರೂ ಯಾರು ಬರದ್ರು ಅಂತ ಹೇಳಾಕ ಆಗೂದಿಲ್ಲ."

"ಮತ್ತ ನಾ ಮಾತಾಡಿದಂಗ ಬರದೇನ್ರಿ. ಓದಿದ್ರ ನಂದ ಅಂತ ಗುರ್ತ ಹಿಡಿತಾರ. ನೀವ ಸ್ವಲ್ಪ ಪುಸ್ತಕದ ಮಾತಿನಂಗ ಮಾಡಿ ಹಾಕ್ರಿ. ನೀವ ಅದೀರಿ ಅಂತ ಬರದೇನಿ ನೋಡ್ರಿ."

ನೀನು ಹೋದ ಮೇಲೆ ಓದಿದೆ. ನಾಲ್ಕೇ ಸಾಲು. ಮದುವೆ ಸುಗ್ಗಿಯಲ್ಲಿ ಮಾಲು ಕಳಿಸುವ ಅವಸರಕ್ಕೆ, ನೀನು ದಾರ ಕಟ್ಟಿ ಬದಿಗಿಟ್ಟ ಸೀರೆಗಳ ದಾರವನ್ನು ಕಾಕಾ ಬಿಚ್ಚಿಸುತ್ತಾರೆ. ಅವು ಅಂಗಡಿಯಿಂದ ವಾಪಸ್ಸು ಬಂದಾಗ ಎಲ್ಲ ಹೆಣ್ಣುಮಕ್ಕಳ ಮುಂದೆ, ಕಣ್ಣು ಎಲ್ಲಿಟ್ಟಿದ್ದೆ ಎಂದು ನಿನ್ನನ್ನು ಕೇಳುತ್ತಾರೆ. ಕೊನೆಯ ಸಾಲು ಹೀಗಿತ್ತು: "ಬೈರಿ, ಬೈಸ್ಕೋತೇನಿ. ಆದ್ರ ನಾ ಕಂಡದ್ದನ್ನ ಕಂಡಿಲ್ಲ ಅನಸಬ್ಯಾಡ್ರಿ."

ನಾನು ಅದನ್ನು ಶುದ್ಧ ಮಾಡಿದೆ. 'ದೋಷವನ್ನು ಗುರುತಿಸಿದ ನಂತರವೂ ಗುರುತನ್ನು ತೆಗೆಸಲಾಗುತ್ತದೆ' — ಹೀಗೆ, ಸರಕಾರಿ ಸುತ್ತೋಲೆಯ ಹಾಗೆ. ದಾರ ಬಿಚ್ಚಿಸುವುದು ಮಗ್ಗದವರಿಂದ ಅಂಗಡಿಯವರವರೆಗೆ ಎಲ್ಲರೂ ಕಂಡದ್ದು, ಹೀಗೆ ಬರೆದರೆ ಅದು ಯಾರ ದೂರೂ ಆಗಬಹುದಿತ್ತು. ನಿನ್ನ ಒಂದು ಶಬ್ದವೂ ಉಳಿಯದಂತೆ ತಿದ್ದಿ, ಎರಡು ಸಲ ಓದಿ ನೋಡಿ, ನಿನ್ನ ಕಾಗದವನ್ನು ಚೂರು ಮಾಡಿ ಎಸೆದೆ. ಆ ದಿನ ನನ್ನ ಬಗ್ಗೆ ನನಗೇ ಬಹಳ ಹೆಮ್ಮೆಯಾಗಿತ್ತು. ಒಬ್ಬ ಹೆಣ್ಣುಮಗಳು ನಂಬಿ ಕೊಟ್ಟದ್ದನ್ನು ಕಾಪಾಡಿದೆ ಎಂದು ಸಂಜೆ ಬಸ್ಸಿನಲ್ಲಿ ಒಬ್ಬನೇ ಖುಷಿಪಟ್ಟೆ.

ಎಲ್ಲ ಕೆಟ್ಟದ್ದು ಮರುವಾರ, ಒಂದು ಶಬ್ದದಿಂದ. ಖಾನೆಗಳ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿದ್ದೆವಲ್ಲ, ಅದನ್ನು ಬಸಪ್ಪ ನಿಧಾನವಾಗಿ ಓದಿಕೊಂಡು ನೇರವಾಗಿ ನನ್ನ ಮೇಜಿಗೆ ಬಂದ.

"ಯಾಕೋ ಶ್ರೀಕಾಂತ, ಮಾದೇವಪ್ಪನವರ ಮಗಗ ನಾ ಮಗಳನ್ನ ಕೊಟ್ಟಾವ. ನಾವು ಬೀಗರು. ಹೆಣ್ಣ ಕೊಟ್ಟಾವ್ರು ಅಂದ್ರ ಕೈಕೆಳಗಿನಾವ್ರು ಅಂತ ಬೋರ್ಡಿಗೆ ಹಚ್ಚಿಬಿಟ್ಟ್ಯಾ?"

ಕಂಪನಿಯ ಲೆಕ್ಕದಲ್ಲಿ ಕೈಕೆಳಗೆ, ಮನೆಯ ಲೆಕ್ಕದಲ್ಲಲ್ಲ ಎಂದು ಹೇಳಿ ನೋಡಿದೆ. ಅವನ ಹಿಂದೆಯೇ ಈರಪ್ಪ ನಿಂತಿದ್ದ. ಅವನು ಕಾಕಾ ಅವರ ಸೋದರಮಾವ. ಕಾಕಾ ಅವರೇ ಮಾಮಾ ಎಂದು ಕರೆಯುವ ಮನುಷ್ಯ. "ದೀಪಾವಳಿಗೆ ಮಾದೇವ ನನ್ನ ಕಾಲಿಗೆ ಬೀಳ್ತಾನ. ಇಲ್ಲಿ ನೋಡಿದ್ರ ನಾ ಅವನ ಕೆಳಗ!" ಎಂದ. ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ನಗುತ್ತಲೇ ಪಟ್ಟಿ ತೆಗೆದು ಇಬ್ಬರನ್ನೂ ಸರೀಕರ ಖಾನೆಗೆ ಎತ್ತಿ ಹಾಕಿ ಹೊಸ ಪಟ್ಟಿ ಹಚ್ಚಿದೆ. ಬಸಪ್ಪ ನನ್ನ ಬೆನ್ನು ತಟ್ಟಿ ಚಹಾ ಕುಡಿಸಿದ. ಆ ಪಟ್ಟಿಯ ಮೂರನೆಯ ಖಾನೆಯಲ್ಲಿ ನಿನ್ನ ಹೆಸರೊಂದೇ ಉಳಿದಿತ್ತು. ಮೊದಲ ಪಟ್ಟಿ ಓದಿದ್ದ ನೀನು ಇದನ್ನು ಮತ್ತೆ ಓದಲು ಬರಲಿಲ್ಲ.

ಅಲ್ಲಿಗೂ ಏನೂ ಆಗಿರಲಿಲ್ಲ ಕಸ್ತೂರಿ. ನಿನ್ನನ್ನು ಇತರರ ಖಾನೆಗೆ ಹಾಕಿದ್ದರೆ ಮುಗಿಯುತ್ತಿತ್ತು. ಅಲ್ಲಿ ಬಣ್ಣದವರು, ಅಂಗಡಿಯವರು, ಸಾಗಣೆಯವರು ಎಂದು ಎಂಟು ಜನ ಇದ್ದರು, ನಿನ್ನ ನಾಲ್ಕು ಸಾಲು ಅವರ ನಡುವೆ ಬೆರೆತು ಹೋಗುತ್ತಿತ್ತು. ಮಾಡಬೇಕು ಎಂದುಕೊಂಡೆ. ನಾಳೆ ಮಾಡಿದರಾಯಿತು ಎಂದುಕೊಂಡೆ. ಆಮೇಲೆ —

ಆಮೇಲೆ ವರದಿಗಳು ಬಂದವು. ಪ್ರತಿಯೊಬ್ಬ ಮುಖ್ಯಸ್ಥನಿಗೂ ಅವನ ವರದಿ ಮುದ್ರಿಸಿ ಕೊಡುವುದು ನನ್ನ ಕೆಲಸ. ಕಾಕಾ ತಮ್ಮದನ್ನು ಹಿಡಿದುಕೊಂಡು ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ಕಂಪ್ಯೂಟರು ಸಣ್ಣ ಸಾಹುಕಾರರಂತೆಯೇ ಹುಷಾರಾಗಿತ್ತು. ಮೂರನೆಯ ಖಾನೆಯಲ್ಲಿ ಉತ್ತರಗಳು ಸಾಲದು ಎಂದಷ್ಟೇ ಬರೆದು ಖಾಲಿ ಬಿಟ್ಟಿತ್ತು.

"ಇಲ್ಲಿ ಏನೂ ಇಲ್ಲಲ್ಲೋ. ನನ್ನ ಕೈಕೆಳಗಿನಾವ್ರು ಏನೂ ಬರದಿಲ್ಲೇನ?"

ಇಲ್ಲ ಎನ್ನಬಹುದಿತ್ತು. ನಿಯಮ ಹೀಗಿದೆ ಎನ್ನಬಹುದಿತ್ತು. ಸಣ್ಣ ಸಾಹುಕಾರರನ್ನು ಕೇಳಿ ಎನ್ನಬಹುದಿತ್ತು. ಅವರು ಗದರಲಿಲ್ಲ, ಬೆದರಿಸಲಿಲ್ಲ. ಬರೀ ಕೇಳಿದರು. ನಾನು ಕಂಪ್ಯೂಟರಿನಲ್ಲಿ ಕನಿಷ್ಠ ಎಷ್ಟು ಜನ ಎಂಬಲ್ಲಿ ಇದ್ದ ಮೂರನ್ನು ಅಳಿಸಿದೆ. ಒಂದು ಎಂದು ಒತ್ತಿದೆ. ಖಚಿತವೇ ಎಂದು ಅದು ಕೇಳಿತು. ಹೌದು ಎಂದೆ. ಹೊಸ ಹಾಳೆ ಬಿಸಿಬಿಸಿಯಾಗಿ ಹೊರಬಂತು, ನನ್ನ ಕೈಯಾರೆ ಅವರ ಕೈಗೆ ಕೊಟ್ಟೆ.

ಕಾಕಾ ಓದಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಓದಿದರು.

"ಎಷ್ಟ ಮಂದಿ ಬರದಾರ ಈ ಖಾನೇದಾಗ?"

"ಒಬ್ಬರ ಬರದಾರ್ರಿ," ಎಂದೆ.

ಕೇಳು, ನನ್ನ ನೀಚತನ ಎಲ್ಲಿದೆ ನೋಡು. ಒಬ್ಬಾಕಿ ಎನ್ನಲಿಲ್ಲ. ಒಬ್ಬರು ಎಂದೆ. ಒಬ್ಬರು ಎಂದರೆ ಗಂಡಸೂ ಆಗಬಹುದು, ಹೆಂಗಸೂ ಆಗಬಹುದು, ಹಾಗಾಗಿ ನಾನು ಯಾರನ್ನೂ ಹೇಳಿದಂತಾಗಲಿಲ್ಲ ಎಂದು ಆ ಗಳಿಗೆಯಲ್ಲೇ ನನ್ನ ಮನಸ್ಸು ಲೆಕ್ಕ ಹಾಕಿತು. ಮರ್ಯಾದೆಯ ಮಾತಿನ ಹಿಂದೆ ಅಡಗಿ ಕೂತೆ. ಬಸಪ್ಪ ಮತ್ತು ಈರಪ್ಪ ತಾವು ಸರೀಕರಾದದ್ದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದರು. ಹೊಸ ಪಟ್ಟಿ ಬೋರ್ಡಿನ ಮೇಲೆಯೇ ಇತ್ತು. ಉಳಿದವರು ಯಾರು ಎಂದು ತಿಳಿಯಲು ಕಾಕಾ ತಲೆ ತಿರುಗಿಸಿದರೆ ಸಾಕಿತ್ತು. ತಿರುಗಿಸಿದರು ಕೂಡ. ಕಿಟಕಿಯಾಚೆ ನೀನು ಗಾಜಿನ ಮೇಜಿನ ಮೇಲೆ ಬಗ್ಗಿದ್ದೆ.

"ಆತು ಬಿಡು," ಎಂದು ಎದ್ದು ಹೋದರು.

ನಿನಗೆ ಯಾರೂ ಒಂದು ಮಾತು ಬೈಯಲಿಲ್ಲ, ನೆನಪಿದೆಯೇ? ಹತ್ತು ದಿನ ಬಿಟ್ಟು ಮುಧೋಳದ ನಮ್ಮ ಮಾರಾಟ ಮಳಿಗೆಗೆ ಅನುಭವಸ್ಥರು ಬೇಕು ಎಂದು ಕಾಕಾ ಕಾಗದ ಕಳಿಸಿದರು. ಅದರಲ್ಲಿ ನಿನ್ನ ಹೆಸರು. ಮುಧೋಳದಲ್ಲಿ ಸೀರೆ ನೋಡುವ ಕೆಲಸವೇ ಇರಲಿಲ್ಲ, ಬಂದ ಮಾಲನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಚೀಟಿ ಅಂಟಿಸುವುದಷ್ಟೇ. ಆ ವರ್ಗಾವಣೆಯ ಆದೇಶವನ್ನು ಟೈಪು ಮಾಡಿದವನೂ ನಾನೇ. 'ಸಂಸ್ಥೆಯ ಹಿತದೃಷ್ಟಿಯಿಂದ' ಎಂದು ಬರೆದೆ. ನನ್ನ ಶುದ್ಧ ಕನ್ನಡ ಆಗಲೂ ಕೈ ಕೊಡಲಿಲ್ಲ.

ಆದೇಶ ಕೈಗೆ ಬಂದ ದಿನ ನೀನು ಬಂದು ನಿಂತೆ. ಅಳಲಿಲ್ಲ. ಅತ್ತಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ — ಇಲ್ಲ, ಇದೂ ಸುಳ್ಳು. ಬಿಡುತ್ತಿರಲಿಲ್ಲ.

"ಅಣ್ಣಾರ, ಅದು ನಂದ ಅಂತ ಕಾಕಾಗ ಹೆಂಗ ಗೊತ್ತಾತ್ರಿ?"

"ನಾ ಯಾರ ಹೆಸರೂ ಹೇಳಿಲ್ಲವ್ವಾ. ಶಿವನಾಣಿ."

ನೀನು ನನ್ನ ಮುಖ ನೋಡಿದೆ. ಎಳೆ ಬಿಟ್ಟದ್ದನ್ನು ಕಂಡುಹಿಡಿಯುವ ಕಣ್ಣು ನಿನ್ನದು, ಇಲ್ಲಿಯೂ ಹಿಡಿಯುತ್ತೀ ಎಂದು ನಾನು ಹೆದರಿದೆ. ನೀನು ಹಿಡಿಯಲಿಲ್ಲ. ನಂಬಿದೆ.

"ಹಂಗಂದ್ರ ನಾನ ಏನರ ಗುರ್ತ ಬಿಟ್ಟಿರಬೇಕ ಬಿಡ್ರಿ. ನನ್ನ ಮಾತ ಹಂಗ, ಎಷ್ಟ ತಿದ್ದಿದ್ರೂ ತಿಳಿತೈತಿ. ನೀವಾದ್ರೂ ಏನ ಮಾಡ್ತೀರಿ. ನಿಮಗ ತ್ರಾಸ ಕೊಟ್ಟೆ," ಎಂದೆ. ನನ್ನ ಹತ್ತಿರ, ನೀನು ಕ್ಷಮೆ ಕೇಳಿ ಹೋದೆ.

ನಾಲ್ಕು ತಿಂಗಳು ನೀನು ಬಸ್ಸು ಬದಲಿಸಿಕೊಂಡು ಮುಧೋಳಕ್ಕೆ ಹೋಗಿಬಂದೆ. ಅನಿತಾ ಮೊದಲ ವಾರ ಅಭ್ಯಾಸಬಲದಿಂದ ಸಂಜೆ ನಮ್ಮ ಗೇಟಿಗೆ ಬಂದು ಕೂತಿದ್ದಳು. ಅವ್ವ ಇಲ್ಲಿ ಇಲ್ಲ ಎಂದು ನಾನೇ ಹೋಗಿ ಹೇಳಿ ಚಿಮ್ಮಡದ ಆಟೋ ಹತ್ತಿಸಿದೆ. ಅದನ್ನೂ ಉಪಕಾರ ಎಂದು ನೀನು ಯಾರ ಮುಂದೋ ಹೇಳಿದ್ದು ನನ್ನ ಕಿವಿಗೆ ಬಿತ್ತು. ನಂತರ ನೀನು ಅವಳನ್ನು ಊರಿನ ಶಾಲೆಗೆ ಸೇರಿಸಿದೆ, ನಂತರ ಕೆಲಸ ಬಿಟ್ಟೆ. ನಿನ್ನ ಜಾಗಕ್ಕೆ ಬಂದವಳಿಗೆ ಕೆಂಪು ದಾರದ ಉಂಡೆ ವರ್ಷವಾದರೂ ಮುಗಿಯಲಿಲ್ಲ. ಜಾಣೆ ಅವಳು.

ಯಾಕೆ ಮಾಡಿದೆ? ಇಷ್ಟು ವರ್ಷ ನನಗೆ ನಾನು ಕೊಟ್ಟುಕೊಂಡ ಮೊದಲ ಉತ್ತರ, ಬೀಗರ ಮರ್ಯಾದೆಗಾಗಿ ಎಂಬುದು. ಅದು ಅವರಿಬ್ಬರನ್ನು ಮೇಲೆ ಹಾಕಿದ್ದಕ್ಕೆ ಉತ್ತರ, ನಿನ್ನನ್ನು ಕೆಳಗೆ ಬಿಟ್ಟದ್ದಕ್ಕಲ್ಲ. ಎರಡನೆಯದು, ಮರೆತೆ ಎಂಬುದು. ಮರೆತವನು ಮೂರನ್ನು ಅಳಿಸಿ ಒಂದನ್ನು ಒತ್ತುವುದಿಲ್ಲ. ಹಾಗಿದ್ದರೆ ಕಾಕಾ ಅವರ ಭಯವೇ? ಭಯವೂ ಅಲ್ಲ. ಅವರು ಕೆಟ್ಟ ಮನುಷ್ಯರಾಗಿದ್ದರೆ ನನಗೆ ಸ್ವಲ್ಪ ಅನುಕೂಲವಾಗುತ್ತಿತ್ತು. ಅವರೂ ಮೇಲಿನವರ ಅವಸರಕ್ಕೆ ಸಿಕ್ಕವರು.

ಖರೆ ಹೇಳುತ್ತೇನೆ. ಆ ವಾರ ನನ್ನ ಬಗ್ಗೆಯೂ ಅಭಿಪ್ರಾಯ ಬರೆಸುತ್ತಿದ್ದರು. ನನ್ನ ಸರೀಕರ ಖಾನೆಯಲ್ಲಿ ಕಾಕಾ ಇದ್ದರು. ಅವರು ನನ್ನ ಕಾಗದವನ್ನು ಇನ್ನೂ ಬರೆದು ಕೊಟ್ಟಿರಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತಾಗ ಅದು ಅವರ ಅಂಗಿಯ ಕಿಸೆಯಲ್ಲಿತ್ತು, ಮಡಿಚಿದ ಅಂಚು ಹೊರಗೆ ಕಾಣುತ್ತಿತ್ತು. ಸಣ್ಣ ಸಾಹುಕಾರರು ಸಿಬ್ಬಂದಿ ವಿಭಾಗಕ್ಕೆ ಒಬ್ಬ ಮುಖ್ಯಸ್ಥನನ್ನು ಮಾಡಲಿದ್ದಾರೆ ಎಂಬ ಸುದ್ದಿ ಇತ್ತು. ನಾನು ಆ ಕಿಸೆಯನ್ನು ನೋಡುತ್ತಲೇ ಒಂದು ಎಂದು ಒತ್ತಿದೆ. ಮರುದಿನ ಅವರು ಕೊಟ್ಟ ಕಾಗದದಲ್ಲಿ ನನ್ನ ಬಗ್ಗೆ ಒಂದೇ ಸಾಲು ಇತ್ತು: 'ಶ್ರೀಕಾಂತ ನಂಬಿಗಸ್ತ ಮನುಷ್ಯ.' ಆ ಹುದ್ದೆ ನನಗೆ ಸಿಕ್ಕಿತು. ಈಗಲೂ ಅದೇ ಕುರ್ಚಿಯಲ್ಲಿದ್ದೇನೆ.

ಇಷ್ಟು ದಿನ ಸುಮ್ಮನಿದ್ದವನು ಈಗ ಯಾಕೆ ಎಂದು ನೀನು ಕೇಳಬಹುದು. ಎರಡು ವಾರದ ಹಿಂದೆ ನನ್ನ ಹೆಂಡತಿ ಬನಹಟ್ಟಿಯಲ್ಲಿ ಒಂದು ಸೀರೆ ತಂದಳು. ಅವಳ ತಂಗಿ ಇರುವುದು ಚಿಮ್ಮಡದ ಹತ್ತಿರ. ಅಲ್ಲಿ ಒಬ್ಬರು ಸೀರೆಗೆ ಫಾಲ್ ಛಲೋ ಹಾಕುತ್ತಾರೆಂದು ಕೊಟ್ಟು ಕಳಿಸಿದ್ದಳು. ಹೊಲಿದು ಬಂದ ಸೀರೆಯನ್ನು ಬಿಚ್ಚಿ ನೋಡುತ್ತಾ, "ಇದೇನ್ರಿ, ಇಲ್ಲೊಂದು ಕೆಂಪ ದಾರ ಕಟ್ಯಾರ?" ಎಂದಳು.

ಸೆರಗಿನಿಂದ ಒಂದು ಮೊಳ ಈಚೆಗೆ, ಅಂಚಿನಲ್ಲಿ. ಎರಡು ಗಂಟು. ತುದಿ ಕತ್ತರಿಸಿದ್ದಲ್ಲ, ಹಲ್ಲಿನಿಂದ ಕಡಿದದ್ದು. ಅದರ ನೇರಕ್ಕೆ ಸೀರೆಯನ್ನು ಬೆಳಕಿಗೆ ಹಿಡಿದೆ. ಕೂದಲೆಳೆಯಷ್ಟು ಒಂದು ಕಡೆ ಎಳೆ ಬಿಟ್ಟಿತ್ತು. ನಮ್ಮದೇ ಕಂಪನಿಯ ಸೀರೆ, ನಮ್ಮದೇ ತಪಾಸಣೆಯಲ್ಲಿ ಪಾಸಾಗಿ ಬಂದದ್ದು. ಯಾರ ಸೀರೆ ಎಂದು ನಿನಗೆ ಗೊತ್ತಿರಲಾರದು. ಯಾರೂ ಕೇಳಿರಲಿಲ್ಲ, ಈ ಕೆಲಸಕ್ಕೆ ಯಾರೂ ನಿನ್ನನ್ನು ಇಟ್ಟುಕೊಂಡಿಲ್ಲ. ಕಂಡಿತು, ಕಟ್ಟಿದೆ. ನಾನು ಆ ಗಂಟಿನ ಮೇಲಿಂದ ಬೆರಳು ತೆಗೆಯಲಿಲ್ಲ. ಏನಾಯಿತು ಎಂದು ಹೆಂಡತಿ ಕೇಳಿದಳು. ಅವಳಿಗೆ ಮೊದಲು ಹೇಳಿದೆ. ಎಲ್ಲ ಕೇಳಿ ಅವಳು ಸೀರೆಯನ್ನು ಮಡಿಚಿ ಇಟ್ಟಳು. ಆಮೇಲೆ, "ಆಕಿ ನಿಮ್ಮನ್ನ ಅಣ್ಣಾ ಅಂತಿದ್ದಳು," ಎಂದಳು.

ಈ ವರ್ಷದ ಅಭಿಪ್ರಾಯದ ಕಾಗದಗಳು ಮತ್ತೆ ಬರುತ್ತಿವೆ. ಖಾನೆಗಳ ಪಟ್ಟಿ ನನ್ನ ಮೇಜಿನ ಮೇಲಿದೆ, ನನ್ನ ಸಹಿಗೆ ಕಾಯುತ್ತಿದೆ. ಸಹಿ ಹಾಕುವುದಿಲ್ಲ. ಸೋಮವಾರ ಸಣ್ಣ ಸಾಹುಕಾರರ ಮುಂದೆ ಇದೇ ಬರಹದ ಪ್ರತಿಯನ್ನು ಇಡುತ್ತೇನೆ, ಜೊತೆಗೆ ನನ್ನ ಕುರ್ಚಿಯನ್ನೂ. ಅವರು ಏನು ಮಾಡುತ್ತಾರೋ ಮಾಡಲಿ. ಅದರಿಂದ ನಿನ್ನ ಗಾಜಿನ ಮೇಜು ನಿನಗೆ ಮರಳುವುದಿಲ್ಲ, ಅನಿತಾಳ ಜೊತೆಗಿನ ಆ ಆಟೋ ಸಂಜೆಗಳೂ ಮರಳುವುದಿಲ್ಲ ಎಂದು ಬಲ್ಲೆ.

ಅದಕ್ಕೂ ಮೊದಲು, ಭಾನುವಾರ, ಚಿಮ್ಮಡಕ್ಕೆ ಬರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಕೊಟ್ಟುಬಿಡುವ ಸ್ವಭಾವ ನಿನ್ನದು, ಅದನ್ನು ಇನ್ನೊಂದು ಸಲ ಬಳಸಿಕೊಳ್ಳಲಾರೆ. ನಿನ್ನ ಮಾತಿನ ಧಾಟಿ ನಿನ್ನ ಗುರುತು ಕೊಡಲಿಲ್ಲ ಎಂದು ಹೇಳಲು ಬರುತ್ತೇನೆ. ಆರು ವರ್ಷ ನೀನು ನಿನ್ನದೇ ತಪ್ಪು ಎಂದುಕೊಂಡು ಎಲ್ಲಿಯಾದರೂ ಬರೆಯಬೇಕಾದದ್ದನ್ನು ಬರೆಯದೆ ಬಿಟ್ಟಿದ್ದರೆ, ಆಡಬೇಕಾದದ್ದನ್ನು ಆಡದೆ ನುಂಗಿದ್ದರೆ, ಅದೂ ನನ್ನದೇ.

ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು ಬಾಗಿಲ ಹೊರಗೆ ನಿಲ್ಲುತ್ತೇನೆ. ನಿನ್ನ ಎದುರು ಹೇಳಬೇಕಾದ ಮಾತನ್ನು ಮಾತ್ರ ಈ ಸಲ ಪುಸ್ತಕದ ಮಾತಿನಂತೆ ತಿದ್ದಿಕೊಂಡಿಲ್ಲ: "ಕಸ್ತೂರೀ, ಕಾಕಾಗ ಹೇಳಿದಾವ ನಾನ. ನೀ ಯಾವ ಗುರ್ತಾನೂ ಬಿಟ್ಟಿರಲಿಲ್ಲವ್ವಾ."